ಮೋಟಾರಿಗೆ ಗೇರು ತೊಡಿಸಿದ ಲೆವಾಸೋರ್

ಹೊಸದಾಗಿ ಕಾರು ಕೊಳ್ಳಹೊರಟ ಗೃಹಸ್ಥನಿಗೆ ಈ ಕಾಲದಲ್ಲಿ ಬೆಲೆ, ಬಣ್ಣ, ಮೈಲೇಜುಗಳ ಜೊತೆಗೆ ಮತ್ತೊಂದು ಪ್ರಶ್ನೆಯೂ ಎದುರಾಗುತ್ತದೆ. ಗೇರನ್ನು ತಾನೇ ಹಾಕಬೇಕಾದ ಗಾಡಿಯನ್ನು ಕೊಳ್ಳುವುದೇ, ಇಲ್ಲವೆ ಆ ಶ್ರಮವನ್ನು ತಾನೇ ವಹಿಸಿಕೊಳ್ಳುವ ಆಟೋಮ್ಯಾಟಿಕ್ ಗಾಡಿಯನ್ನು ಕೊಳ್ಳುವುದೇ? ಮಹಾನಗರಗಳಲ್ಲಿ ಹುಟ್ಟಿದ ಈ ಚರ್ಚೆ ಇಂದು ಹಳ್ಳಿಯ ಜಗಲಿಯವರೆಗೂ ಬಂದಿದೆ. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಂಥ ಊರಿನಲ್ಲಿ, ಭತ್ತ ಅಡಕೆಗಳ ಆದಾಯದಿಂದ ಕಾರು ಕೊಳ್ಳುವ ಮನೆಗಳಲ್ಲಿ, ತಂದೆ ಒಂದನ್ನು ಮೆಚ್ಚಿದರೆ ಮಗಳು ಮತ್ತೊಂದನ್ನು ಮೆಚ್ಚುವುದು ಸಹಜ. ಗೇರಿಲ್ಲದ ಗಾಡಿ ಹಗ್ಗ ಹಿಡಿಯದೆ ಎತ್ತು ಹೊಡೆದಂತೆ ಎಂದು ಹಿರಿಯನ ಮನಸ್ಸು. ದಾವಣಗೆರೆಯ ಸಂತೆಬೀದಿಯಲ್ಲಿ ಹೆಜ್ಜೆ ಹೆಜ್ಜೆಗೂ ಕ್ಲಚ್ ತುಳಿದು ಕಾಲು ನೋಯಿಸಿಕೊಳ್ಳುವುದರಲ್ಲಿ ಯಾವ ಪುರುಷಾರ್ಥವಿದೆ ಎಂದು ಕಿರಿಯಳ ಮನಸ್ಸು. ಇಬ್ಬರ ಮಾತಿನಲ್ಲಿಯೂ ಸತ್ಯವುಂಟು.

ಆದರೆ ಈ ವಾದಕ್ಕೆ ಕಾರಣನಾದ ಮನುಷ್ಯನನ್ನು ಇಬ್ಬರೂ ನೆನೆಯುವುದಿಲ್ಲ. ಕ್ಲಚ್ಚಿನ ಪೆಡಲನ್ನು ತುಳಿದು, ಹಿಡಿಕೆಯನ್ನು ಸರಿಸಿ, ಒಂದು ಹಲ್ಲುಚಕ್ರವನ್ನು ಬಿಡಿಸಿ ಮತ್ತೊಂದಕ್ಕೆ ಕೂಡಿಸುವ ಪದ್ಧತಿ ಮೋಟಾರು ಗಾಡಿಯಲ್ಲಿ ನೆಲೆಗೊಂಡದ್ದು ಎಮಿಲ್ ಲೆವಾಸೋರ್ ಎಂಬ ಫ್ರೆಂಚ್ ಯಂತ್ರಶಿಲ್ಪಿಯಿಂದ. ಆತನು ಗತಿಸಿ ಒಂದೂಕಾಲು ಶತಮಾನವೇ ಕಳೆದಿದೆ. ಮೋಟಾರಿನ ಚರಿತ್ರೆಯನ್ನು ಬರೆದವರೆಲ್ಲರೂ ಆತನ ಹೆಸರನ್ನು ಗೌರವದಿಂದ ಹೇಳುತ್ತಾರೆ. ಕೈಗೇರಿನ ಆಕರ್ಷಣೆ ಎಂಥದು, ಅದರ ಬೆಲೆ ಎಷ್ಟು ಎಂಬುದನ್ನು ತನ್ನ ಜೀವಮಾನದಲ್ಲಿಯೇ ಅನುಭವಿಸಿ ಹೋದವನು ಆತನು. ಆದುದರಿಂದ ಈ ವಾದದಲ್ಲಿ ಯಾವುದಾದರೊಂದು ಪಕ್ಷವನ್ನು ಹಿಡಿಯುವ ಮೊದಲು ಆತನ ಕಥೆಯನ್ನು ತಿಳಿಯುವುದು ಲೇಸು.

ಲೆವಾಸೋರನು ಹುಟ್ಟಿದ್ದು ೧೮೪೩ರ ಜನವರಿಯಲ್ಲಿ, ಪ್ಯಾರಿಸಿನ ದಕ್ಷಿಣಕ್ಕಿರುವ ಮಾರೋಲ್ ಎಂಬ ಗ್ರಾಮದಲ್ಲಿ. ಆ ಕಾಲದ ಫ್ರಾನ್ಸಿನಲ್ಲಿ ಕೈಗಾರಿಕೆಗೆ ಬೇಕಾದ ಎಂಜಿನಿಯರುಗಳನ್ನು ತಯಾರು ಮಾಡುವುದರಲ್ಲಿ ಎಕೋಲ್ ಸಾಂತ್ರಾಲ್ ಎಂಬ ವಿದ್ಯಾಲಯಕ್ಕೆ ದೊಡ್ಡ ಹೆಸರು. ಅಲ್ಲಿ ಓದಿದ ಲೆವಾಸೋರನು ೧೮೬೪ರಲ್ಲಿ ವ್ಯಾಸಂಗವನ್ನು ಮುಗಿಸಿದನು. ಬಳಿಕ ಬೆಲ್ಜಿಯಮ್ ದೇಶದ ಸೆರೇಂಗ್ ಪಟ್ಟಣದಲ್ಲಿದ್ದ ಕಾಕರಿಲ್ ಎಂಬ ಪ್ರಸಿದ್ಧ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದನು. ಕಬ್ಬಿಣ, ಉಗಿಯಂತ್ರ, ರೈಲುಎಂಜಿನು ಇವೇ ಅಲ್ಲಿಯ ದಿನದ ಮಾತು. ಅಲ್ಲಿ ಆತನಿಗೆ ಎದ್ವಾರ್ ಸರಾಜಾಂ ಎಂಬಾತನ ಸ್ನೇಹ ದೊರೆಯಿತು. ಮುಂದೆ ಇಬ್ಬರ ಜೀವನವನ್ನೂ ತಿರುಗಿಸಿದ ಸ್ನೇಹ ಅದು.

ಪ್ಯಾರಿಸಿಗೆ ಮರಳಿದ ಲೆವಾಸೋರನು ೧೮೭೨ರಲ್ಲಿ ಪೇರಾಂ ಮತ್ತು ಪನಾರ್ ಎಂಬವರ ಕಾರ್ಖಾನೆಯನ್ನು ಸೇರಿದನು. ರೆನೆ ಪನಾರನು ಅದೇ ವಿದ್ಯಾಲಯದಲ್ಲಿ ಆತನೊಡನೆ ಓದಿದವನು. ಈ ಕಾರ್ಖಾನೆಗೂ ಗಾಡಿಗಳಿಗೂ ಯಾವ ನಂಟೂ ಇರಲಿಲ್ಲ. ಅದು ಮರಗೆಲಸದ ಯಂತ್ರಗಳನ್ನು ಮಾಡುತ್ತಿದ್ದ ಸಂಸ್ಥೆ. ತುದಿ ಮೊದಲಿಲ್ಲದೆ ಸುತ್ತುವ ಪಟ್ಟಿಗರಗಸಕ್ಕೆ ಅದು ಹೆಸರುವಾಸಿಯಾಗಿತ್ತು. ಗರಗಸದ ಕೆಲಸ ಮಾಡುವವನಿಗೆ ಎರಡು ಗುಣ ತಾವಾಗಿ ಬರುತ್ತವೆ. ಒಂದು, ಅಳತೆಯ ನಿಷ್ಠೆ. ಇನ್ನೊಂದು, ಯಂತ್ರದ ಸದ್ದನ್ನು ಕಿವಿಗೊಟ್ಟು ಕೇಳುವ ಅಭ್ಯಾಸ. ಈ ಎರಡು ಗುಣಗಳೂ ಲೆವಾಸೋರನಲ್ಲಿ ಮುಂದೆ ಕಾಣಿಸಿಕೊಂಡವು. ಪೇರಾಂ ೧೮೮೬ರಲ್ಲಿ ತೀರಿಕೊಂಡ ಮೇಲೆ ಸಂಸ್ಥೆಗೆ ಪನಾರ್ ಮತ್ತು ಲೆವಾಸೋರ್ ಎಂಬ ಹೆಸರು ಬಂದಿತು.

ಅಷ್ಟರಲ್ಲಿ ಜರ್ಮನಿಯ ಕಾನ್‌ಸ್ಟಾಟ್ ಪಟ್ಟಣದಲ್ಲಿ ಗಾಟ್‌ಲೀಬ್ ಡೈಮ್ಲರನು ತನ್ನ ಸಹಾಯಕ ವಿಲ್ಹೆಲ್ಮ್ ಮೈಬಾಖನೊಡಗೂಡಿ ಹಗುರವಾದ, ವೇಗವಾಗಿ ತಿರುಗುವ ಪೆಟ್ರೋಲ್ ಎಂಜಿನನ್ನು ನಿರ್ಮಿಸಿದ್ದನು. ಅದನ್ನು ಫ್ರಾನ್ಸಿನಲ್ಲಿ ತಯಾರಿಸುವ ಹಕ್ಕನ್ನು ಸಂಪಾದಿಸಿದ್ದವನು ಲೆವಾಸೋರನ ಹಳೆಯ ಗೆಳೆಯನಾದ ಸರಾಜಾಂ. ತಯಾರಿಕೆಯ ಕೆಲಸವನ್ನು ಆತನು ಗೆಳೆಯನ ಕಾರ್ಖಾನೆಗೆ ಒಪ್ಪಿಸಿದನು. ಆದರೆ ಫಲವನ್ನು ಕಾಣುವ ಮೊದಲೇ, ೧೮೮೭ರ ಡಿಸೆಂಬರಿನಲ್ಲಿ, ಸರಾಜಾಂ ಮಡಿದನು. ಈ ಸಂದರ್ಭದಲ್ಲಿ ಆತನ ಹೆಂಡತಿ ಲೂಯೀಜ್ ತೋರಿದ ಧೈರ್ಯವನ್ನು ಮೋಟಾರಿನ ಚರಿತ್ರೆ ಮರೆಯಲಾರದು. ಕೆಲವೇ ವಾರಗಳಲ್ಲಿ ಆಕೆ ಕಾನ್‌ಸ್ಟಾಟಿಗೆ ಹೋಗಿ ಡೈಮ್ಲರನನ್ನು ಕಂಡಳು. ಗಂಡನು ಹಿಡಿದಿದ್ದ ಕೆಲಸವನ್ನು ತಾನು ಮುಂದುವರಿಸುವುದಾಗಿ ಹೇಳಿ ಆತನ ವಿಶ್ವಾಸವನ್ನು ಗಳಿಸಿದಳು. ಹೆಂಗಸರಿಗೆ ವ್ಯಾಪಾರದಲ್ಲಿ ಸ್ಥಾನವೇ ಇಲ್ಲದಿದ್ದ ದಿನಗಳಲ್ಲಿ ಎಂಜಿನಿನ ಹಕ್ಕು ಒಬ್ಬ ವಿಧವೆಯ ಕೈಯಲ್ಲಿ ಉಳಿಯಿತು. ೧೮೯೦ರ ಮೇ ತಿಂಗಳಲ್ಲಿ ಆಕೆ ಲೆವಾಸೋರನನ್ನು ವಿವಾಹವಾದಳು. ಎಂಜಿನು ಇದ್ದಿತು, ಕಾರ್ಖಾನೆ ಇದ್ದಿತು. ಇನ್ನು ಬೇಕಾಗಿದ್ದುದು ಗಾಡಿ.

ಇಲ್ಲಿ ಲೆವಾಸೋರನಿಗೆ ಎದುರಾದ ತೊಡಕನ್ನು ನಮ್ಮ ಸೀಮೆಯ ರೈತನಿಗೆ ವಿವರಿಸುವುದು ಸುಲಭ. ಎತ್ತಿನ ಗಾಡಿ ಕೆಸರಿನಲ್ಲಿ ಹೂತುಕೊಂಡರೆ ಎತ್ತು ನಡಿಗೆಯನ್ನು ನಿಧಾನ ಮಾಡುತ್ತದೆ, ಹೆಗಲನ್ನು ಒತ್ತಿ ಎಳೆತವನ್ನು ಹೆಚ್ಚಿಸುತ್ತದೆ. ದಾರಿ ಸಮವಾದಾಗ ಎಳೆತವನ್ನು ಸಡಿಲಿಸಿ ನಡಿಗೆಯನ್ನು ಚುರುಕು ಮಾಡುತ್ತದೆ. ನೆಲಕ್ಕೆ ತಕ್ಕಂತೆ ಬಲವನ್ನೂ ವೇಗವನ್ನೂ ಅದಲುಬದಲು ಮಾಡಿಕೊಳ್ಳುವ ಈ ವಿವೇಕ ಎತ್ತಿಗೆ ಹುಟ್ಟಿನಿಂದ ಬಂದುದು. ಉಗಿಯಂತ್ರಕ್ಕೂ ಈ ಗುಣ ತಕ್ಕಮಟ್ಟಿಗೆ ಉಂಟು. ನಿಂತಲ್ಲಿಂದಲೇ ಅದು ಬಲವಾಗಿ ಎಳೆಯಬಲ್ಲುದು. ಪೆಟ್ರೋಲ್ ಎಂಜಿನಿಗೆ ಮಾತ್ರ ಈ ವಿವೇಕವಿಲ್ಲ. ತಕ್ಕ ವೇಗದಲ್ಲಿ ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಶಕ್ತಿ. ಏರು ಬಂದು ವೇಗ ಕುಗ್ಗಿದರೆ ಬಲವೂ ಕುಗ್ಗಿ ಎಂಜಿನು ನಿಂತೇಹೋಗುತ್ತದೆ. ನಿಂತ ಗಾಡಿಯನ್ನು ತಾನಾಗಿ ಹೊರಡಿಸುವುದಂತೂ ಅದರಿಂದ ಆಗದ ಮಾತು.

ಭದ್ರಾ ನಾಲೆಯ ನೀರು ನಿಂತ ತ್ಯಾವಣಿಗೆಯ ಕಡೆಯ ಗದ್ದೆಗಳಲ್ಲಿ ಕೆಸರು ಮಾಡುವ ಟ್ರ್ಯಾಕ್ಟರನ್ನು ನೋಡಿದವರಿಗೆ ಈ ಮಾತು ಬೇಗನೆ ಅರ್ಥವಾಗುತ್ತದೆ. ಎಂಜಿನು ಜೋರಾಗಿ ಗುಡುಗುತ್ತಿರುತ್ತದೆ, ಗಾಲಿ ಮಾತ್ರ ಆಮೆಯಂತೆ ತಿರುಗುತ್ತದೆ. ಅದೇ ಟ್ರ್ಯಾಕ್ಟರ್ ಡಾಂಬರು ರಸ್ತೆಗೆ ಬಂದಾಗ, ಎಂಜಿನಿನ ಅದೇ ಓಟದಲ್ಲಿ, ಗಾಲಿ ಹಲವು ಪಟ್ಟು ಬೇಗ ಉರುಳುತ್ತದೆ. ನಡುವೆ ನಿಂತು ಈ ವ್ಯತ್ಯಾಸವನ್ನು ಮಾಡುವುದೇ ಗೇರು. ಎತ್ತಿನಲ್ಲಿ ಸಹಜವಾಗಿದ್ದ ವಿವೇಕವನ್ನು ಯಂತ್ರಕ್ಕೆ ಹೊರಗಿನಿಂದ ಕೊಡಬೇಕಾಯಿತು. ಕೊಡುವವನು ಯಾರು? ಗಾಡಿ ನಡೆಸುವವನೇ.

ಹಲ್ಲುಚಕ್ರಗಳಿಂದ ವೇಗವನ್ನು ಬದಲಿಸುವ ವಿಚಾರ ಲೆವಾಸೋರನೊಬ್ಬನದಲ್ಲ. ಕಡೆಯುವ ಯಂತ್ರಗಳಲ್ಲಿ ಅದು ಮೊದಲೇ ಬಳಕೆಯಲ್ಲಿತ್ತು. ೧೮೮೯ರ ಪ್ಯಾರಿಸ್ ಮಹಾಪ್ರದರ್ಶನಕ್ಕೆ ಡೈಮ್ಲರ್ ಮೈಬಾಖರು ತಂದಿದ್ದ ಉಕ್ಕಿನ ಗಾಲಿಯ ಗಾಡಿಯಲ್ಲಿಯೂ ಹಲ್ಲುಚಕ್ರಗಳಿದ್ದವು. ಆದರೆ ಆಗಿನ ಗಾಡಿಗಳಲ್ಲಿ ಎಂಜಿನು ಸಾಮಾನ್ಯವಾಗಿ ಸೀಟಿನ ಅಡಿಯಲ್ಲಿಯೋ ಹಿಂದೆಯೋ ಅಡಗಿರುತ್ತಿತ್ತು, ಬಲವನ್ನು ಗಾಲಿಗೆ ಮುಟ್ಟಿಸಲು ಒಬ್ಬೊಬ್ಬನದು ಒಂದೊಂದು ದಾರಿ. ಹಲವರು ಚರ್ಮದ ಪಟ್ಟಿಯನ್ನು ನಂಬಿದ್ದರು. ಅದು ಮಳೆಯಲ್ಲಿ ಜಾರುತ್ತಿತ್ತು, ಏರಿನಲ್ಲಿ ಸೋಲುತ್ತಿತ್ತು. ಲೆವಾಸೋರನು ಮೊದಲು ಎಂಜಿನನ್ನು ನಡುವೆ ಇಟ್ಟು ನೋಡಿದನು. ತೃಪ್ತಿಯಾಗಲಿಲ್ಲ. ೧೮೯೧ರಲ್ಲಿ ಅದನ್ನು ಗಾಡಿಯ ಮುಂಭಾಗಕ್ಕೆ ತಂದು ನಿಲ್ಲಿಸಿದನು. ಅದರ ಹಿಂದೆ ಕ್ಲಚ್, ಕ್ಲಚ್ಚಿನ ಹಿಂದೆ ಸರಿದಾಡುವ ಹಲ್ಲುಚಕ್ರಗಳು, ಅಲ್ಲಿಂದ ಸರಪಣಿಯ ಮೂಲಕ ಹಿಂದಿನ ಗಾಲಿಗಳಿಗೆ ಬಲ: ಹೀಗೆ ಒಂದರ ಹಿಂದೆ ಒಂದನ್ನು ಸಾಲಾಗಿ ಜೋಡಿಸಿದನು. ಪನಾರ್ ಪದ್ಧತಿ ಎಂದು ಹೆಸರಾದುದು ಈ ಏರ್ಪಾಡು. ಹೊಸದನ್ನು ಕಂಡುಹಿಡಿಯುವುದು ಒಂದು ಹಿರಿಮೆ, ಚೆದುರಿದ್ದನ್ನು ಒಂದು ಕ್ರಮಕ್ಕೆ ತರುವುದು ಮತ್ತೊಂದು ಹಿರಿಮೆ. ಲೆವಾಸೋರನದು ಎರಡನೆಯದು.

ಆತನ ಗೇರು ನಯವಾದುದಾಗಿರಲಿಲ್ಲ. ಒಂದು ದಂಡದ ಮೇಲೆ ಬೇರೆ ಬೇರೆ ಗಾತ್ರದ ಹಲ್ಲುಚಕ್ರಗಳು, ಅದಕ್ಕೆ ಸಮಾನಾಂತರವಾದ ಇನ್ನೊಂದು ದಂಡದ ಮೇಲೆ ಅವುಗಳ ಜೋಡಿಗಳು. ಹಿಡಿಕೆಯನ್ನು ಸರಿಸಿದರೆ ತಿರುಗುತ್ತಿರುವ ಚಕ್ರದ ಹಲ್ಲಿಗೆ ಬೇರೆ ವೇಗದಲ್ಲಿ ತಿರುಗುತ್ತಿರುವ ಮತ್ತೊಂದು ಚಕ್ರದ ಹಲ್ಲು ಪಕ್ಕದಿಂದ ಬಂದು ಕಚ್ಚಿಕೊಳ್ಳಬೇಕು. ಎರಡರ ವೇಗವೂ ಹೊಂದಿದರೆ ಸದ್ದಿಲ್ಲದೆ ಕೂಡುತ್ತವೆ. ಹೊಂದದಿದ್ದರೆ ಕರಕರನೆ ಅರಚುತ್ತವೆ, ಹಲ್ಲು ಮುರಿಯುವುದೂ ಉಂಟು. ಮೊದಲ ಗಾಡಿಗಳಲ್ಲಿ ಈ ಚಕ್ರಗಳಿಗೆ ಮುಚ್ಚಳವೂ ಇರಲಿಲ್ಲ. ರಸ್ತೆಯ ಧೂಳೆಲ್ಲ ಅವುಗಳ ಮೇಲೆಯೇ ಬೀಳುತ್ತಿತ್ತು. ಎಣ್ಣೆ ತುಂಬಿದ ಪೆಟ್ಟಿಗೆಯೊಳಗೆ ಅವುಗಳನ್ನು ಮುಚ್ಚಿಡುವುದು ಕೆಲವು ವರ್ಷಗಳ ಬಳಿಕ ಬಂದ ಸುಧಾರಣೆ. ಈ ಉಪಾಯ ಒರಟಾದುದು, ಆದರೆ ಕೆಲಸ ಮಾಡುತ್ತದೆ ಎಂಬ ಅರ್ಥದ ಮಾತನ್ನು ಲೆವಾಸೋರನೇ ಆಡಿದ್ದನೆಂದು ಪ್ರತೀತಿ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಂದು ಯಾವುದನ್ನು ಕೈಗೇರಿನ ಸೊಗಸೆಂದು ರಸಿಕರು ಮೆಚ್ಚುತ್ತಾರೋ ಅದನ್ನು ಆತನು ಸೊಗಸಿಗಾಗಿ ಮಾಡಲಿಲ್ಲ. ಎಂಜಿನಿನ ಒಂದು ಕೊರತೆಗೆ ಅದು ಮದ್ದು. ಆ ಮದ್ದನ್ನು ಹೊತ್ತುಹೊತ್ತಿಗೆ ಕೊಡುವ ಕೆಲಸ ಮನುಷ್ಯನ ಕೈಗೆ, ಕಾಲಿಗೆ, ಕಿವಿಗೆ ಬಿದ್ದಿತು.

ಆ ಕೈ, ಕಾಲು, ಕಿವಿಗಳಿಂದ ಎಷ್ಟು ದುಡಿಸಬಹುದೆಂಬುದಕ್ಕೆ ಲೆವಾಸೋರನು ತನ್ನ ದೇಹವನ್ನೇ ಒರೆಗಲ್ಲಾಗಿಸಿದನು. ಮಾಡಿದ ಗಾಡಿಯನ್ನು ತಾನೇ ನಡೆಸಿ ನೋಡುವುದು ಆತನ ನಿಯಮ. ೧೮೯೪ರ ಜುಲೈ ತಿಂಗಳಲ್ಲಿ ಪ್ಯಾರಿಸಿನ ಒಂದು ದಿನಪತ್ರಿಕೆ ಅಲ್ಲಿಂದ ರೂಆಂ ಪಟ್ಟಣದವರೆಗೆ ಕುದುರೆಯಿಲ್ಲದ ಗಾಡಿಗಳ ಪರೀಕ್ಷೆಯನ್ನು ಏರ್ಪಡಿಸಿತು. ಎಲ್ಲಕ್ಕಿಂತ ಮುಂದೆ ಬಂದುದು ಉಗಿಯ ಗಾಡಿ. ಆದರೆ ಅದಕ್ಕೆ ಬೆಂಕಿ ಹಾಕುವವನೊಬ್ಬನು ಬೇರೆ ಬೇಕಾಗಿದ್ದುದರಿಂದ ಮೊದಲ ಬಹುಮಾನವನ್ನು ಪನಾರ್ ಲೆವಾಸೋರ್ ಮತ್ತು ಪ್ಯೂಜೋ ಸಂಸ್ಥೆಗಳಿಗೆ ಹಂಚಿದರು. ಪ್ಯೂಜೋ ಗಾಡಿಗೂ ಎಂಜಿನನ್ನು ಒದಗಿಸಿದ್ದು ಲೆವಾಸೋರನ ಕಾರ್ಖಾನೆಯೇ. ಒಬ್ಬ ಮನುಷ್ಯ ಒಬ್ಬನೇ ಕುಳಿತು ನಡೆಸಬಲ್ಲ ಗಾಡಿಗೆ ಮುಂದಿನ ಕಾಲ ಸಲ್ಲುವುದೆಂಬ ಸೂಚನೆ ಅಂದೇ ದೊರೆಯಿತು.

ಮರುವರ್ಷ ಬಂದುದು ಆತನ ಹೆಸರನ್ನು ಲೋಕಕ್ಕೆ ತಿಳಿಸಿದ ಓಟ. ಪ್ಯಾರಿಸಿನಿಂದ ಬೋರ್ಡೋ ನಗರಕ್ಕೆ ಹೋಗಿ ಮತ್ತೆ ಪ್ಯಾರಿಸಿಗೆ ಬರಬೇಕು. ದೂರ ೧,೧೭೮ ಕಿಲೋಮೀಟರು. ದಾವಣಗೆರೆಯಿಂದ ಬೆಂಗಳೂರಿಗೆ ಎರಡು ಬಾರಿ ಹೋಗಿಬಂದರೂ ಅಷ್ಟು ದೂರವಾಗದು. ಕೊಟ್ಟ ಅವಧಿ ನೂರು ಗಂಟೆ. ೧೮೯೫ರ ಜೂನ್ ೧೧ರ ಮಧ್ಯಾಹ್ನ ವರ್ಸೇಲ್ಸಿನಿಂದ ಹೊರಟ ಗಾಡಿಗಳು ೨೨. ಲೆವಾಸೋರನಿಗೆ ಆಗ ೫೨ ವರ್ಷ. ಆತನ ಗಾಡಿಗೆ ಐದನೆಯ ನಂಬರು. ಎರಡೇ ಸೀಟು, ಸುಮಾರು ನಾಲ್ಕು ಅಶ್ವಶಕ್ತಿಯ ಎಂಜಿನು, ಗಟ್ಟಿ ರಬ್ಬರಿನ ಗಾಲಿ. ತಿರುಗಿಸಲು ಇಂದಿನಂಥ ಚಕ್ರವಿಲ್ಲ, ದೋಣಿಯ ಚುಕ್ಕಾಣಿಯಂಥ ಒಂದು ಹಿಡಿಕೆ. ಕಲ್ಲೊಂದು ಗಾಲಿಗೆ ತಾಕಿದರೆ ಆ ಹಿಡಿಕೆ ಕೈಯಿಂದ ಕಿತ್ತುಕೊಂಡು ಹೋಗುವಂತಿರುತ್ತಿತ್ತು. ಎಡೆಬಿಡದೆ ಅದನ್ನು ಹಿಡಿದಿರಬೇಕು, ಏರು ಬಂದಾಗಲೆಲ್ಲ ಗೇರನ್ನು ಇಳಿಸಬೇಕು, ಇಳಿಜಾರಿನಲ್ಲಿ ಮತ್ತೆ ಏರಿಸಬೇಕು. ರಾತ್ರಿಯ ದಾರಿಗೆ ಮಂಕು ದೀಪಗಳು. ಜೊತೆಗೆ ಒಬ್ಬ ಮೆಕ್ಯಾನಿಕ್.

ಏರ್ಪಾಡಿನ ಪ್ರಕಾರ ರುಫೆಕ್ ಎಂಬ ಊರಿನಲ್ಲಿ ಬೇರೊಬ್ಬ ಚಾಲಕನಿಗೆ ಗಾಡಿಯನ್ನು ಒಪ್ಪಿಸಬೇಕಾಗಿತ್ತು. ಆದರೆ ಲೆವಾಸೋರನು ಯಾರೂ ನಿರೀಕ್ಷಿಸದಷ್ಟು ಬೇಗ, ಬೆಳಗಾಗುವ ಮೊದಲೇ, ಅಲ್ಲಿಗೆ ತಲುಪಿದ್ದನು. ಬದಲಿ ಚಾಲಕ ಇನ್ನೂ ನಿದ್ರೆಯಲ್ಲಿದ್ದನು. ಆತನನ್ನು ಎಬ್ಬಿಸಿ ಕಾಯುವುದರ ಬದಲು ಲೆವಾಸೋರನು ತಾನೇ ಮುಂದುವರಿದನು. ಬೋರ್ಡೋ ಮುಟ್ಟಿ, ಕೆಲವೇ ನಿಮಿಷ ನಿಂತು, ಹಿಂದಿರುಗಿದನು. ಮರಳುವಾಗ ರುಫೆಕ್‌ನಲ್ಲಿ ಚಾಲಕನು ಸಿದ್ಧನಾಗಿಯೇ ನಿಂತಿದ್ದರೂ ಹಿಡಿಕೆಯನ್ನು ಬಿಟ್ಟುಕೊಡಲು ಆತನ ಮನಸ್ಸು ಒಪ್ಪಲಿಲ್ಲ. ಎರಡು ರಾತ್ರಿ ನಿದ್ರೆಯಿಲ್ಲದೆ, ಜೂನ್ ೧೩ರ ಮಧ್ಯಾಹ್ನ, ಆತನು ಪ್ಯಾರಿಸಿನ ಪೋರ್ತ್ ಮಾಯೋ ದ್ವಾರದ ಬಳಿಗೆ ಬಂದು ನಿಂತನು. ಹಿಡಿದ ಸಮಯ ೪೮ ಗಂಟೆ ೪೮ ನಿಮಿಷ. ಗಂಟೆಗೆ ಸರಾಸರಿ ೨೪ ಕಿಲೋಮೀಟರು. ಎರಡನೆಯ ಗಾಡಿ ಬರಲು ಇನ್ನೂ ಸುಮಾರು ಆರು ಗಂಟೆ ಬೇಕಾಯಿತು. ಹೊರಟ ೨೨ರಲ್ಲಿ ಓಟವನ್ನು ಮುಗಿಸಿದವು ೯ ಮಾತ್ರ.

ಆದರೂ ಮೊದಲ ಬಹುಮಾನ ಆತನಿಗೆ ಸಿಕ್ಕಲಿಲ್ಲ. ಎರಡಕ್ಕಿಂತ ಹೆಚ್ಚು ಸೀಟುಗಳಿರುವ ಗಾಡಿಗೇ ಆ ಬಹುಮಾನವೆಂದು ನಿಯಮವಿತ್ತು. ಆತನಿಗಿಂತ ೧೧ ಗಂಟೆ ತಡವಾಗಿ ಬಂದ ನಾಲ್ಕು ಸೀಟಿನ ಪ್ಯೂಜೋ ಅದನ್ನು ಪಡೆಯಿತು. ಹಣ ಹೋಯಿತು, ಕೀರ್ತಿ ಉಳಿಯಿತು. ಬಹುಮಾನ ಪಡೆದವನ ಹೆಸರನ್ನು ಇಂದು ಕೆಲವೇ ಮಂದಿ ಬಲ್ಲರು.

ಈ ೪೮ ಗಂಟೆಗಳ ಪ್ರಯಾಣದಲ್ಲಿ ಕೈಗೇರಿನ ಮೋಹವೆಲ್ಲ ಅಡಗಿದೆ ಎಂದು ನಮಗೆ ತೋರುತ್ತದೆ. ಲೆವಾಸೋರನು ಹಿಡಿಕೆಯನ್ನು ಏಕೆ ಬಿಟ್ಟುಕೊಡಲಿಲ್ಲ? ಗೆಲ್ಲುವ ಹಟವಿದ್ದಿತು, ನಿಜ. ಆದರೆ ಅಷ್ಟೇ ಆಗಿರಲಾರದು. ಅಷ್ಟು ಹೊತ್ತು ಒಂದು ಯಂತ್ರದೊಡನೆ ಬೆರೆತವನಿಗೆ ಅದರ ಉಸಿರಾಟ ತಿಳಿಯುತ್ತದೆ. ಯಾವ ಏರಿನಲ್ಲಿ ಅದು ಬಳಲುವುದು, ಯಾವ ಕ್ಷಣದಲ್ಲಿ ಹಲ್ಲು ಕೂಡುವುದು ಎಂಬುದು ಬುದ್ಧಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ. ಹೊಸ ಕೈಗೆ ಅದನ್ನು ಮಾತಿನಲ್ಲಿ ಹೇಳಿಕೊಡಲಾಗದು. ಘಾಟಿ ಹತ್ತುವ ಲಾರಿಯ ಚಾಲಕ ಎಂಜಿನಿನ ಸದ್ದನ್ನು ಆಲಿಸಿ, ಬಲ ಕುಗ್ಗುವ ಮೊದಲೇ ಡಬಲ್ ಕ್ಲಚ್ ತುಳಿದು ಗೇರನ್ನು ಇಳಿಸುತ್ತಿದ್ದ ಕೌಶಲ ನಮ್ಮ ನಾಡಿನ ಹಿರಿಯರಿಗೆ ಗೊತ್ತು. ಕ್ಲೀನರನಾಗಿ ಸೇರಿದ ಹುಡುಗ ವರ್ಷಗಟ್ಟಲೆ ಪಕ್ಕದಲ್ಲಿ ಕುಳಿತು, ನೋಡಿ, ಬೈಸಿಕೊಂಡು ಕಲಿಯುತ್ತಿದ್ದ ವಿದ್ಯೆ ಅದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ೧೮೯೬ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಿಂದ ಮಾರ್ಸೇಲ್ಸ್ ನಗರಕ್ಕೆ ಹೋಗಿಬರುವ, ೧,೭೦೦ ಕಿಲೋಮೀಟರಿಗೂ ಮಿಕ್ಕಿದ ಓಟ ನಡೆಯಿತು. ಲೆವಾಸೋರನು ಮತ್ತೆ ತಾನೇ ಹಿಡಿಕೆ ಹಿಡಿದನು. ದಕ್ಷಿಣ ಫ್ರಾನ್ಸಿನಲ್ಲಿ, ದಾರಿಗೆ ಅಡ್ಡ ಬಂದ ನಾಯಿಯೊಂದರ ದೆಸೆಯಿಂದ, ಗಾಡಿ ಮಗುಚಿ ಆತನು ಹೊರಕ್ಕೆ ಎಸೆಯಲ್ಪಟ್ಟನು. ಗಾಡಿಯನ್ನು ಎತ್ತಿ ನಿಲ್ಲಿಸಿ ಸ್ವಲ್ಪ ದೂರ ನಡೆಸಿದನಾದರೂ ಆವಿನ್ಯೋಂ ಪಟ್ಟಣದಲ್ಲಿ ಅದನ್ನು ಜೊತೆಯವನಿಗೆ ಒಪ್ಪಿಸದೆ ಗತ್ಯಂತರವಿರಲಿಲ್ಲ. ಹಿಂದಿನ ವರ್ಷ ರುಫೆಕ್‌ನಲ್ಲಿ ಬಿಡದ ಹಿಡಿಕೆಯನ್ನು ಆ ದಿನ ಬಿಟ್ಟನು. ಆ ಓಟದಲ್ಲಿ ಗೆದ್ದುದು ಆತನ ಸಂಸ್ಥೆಯದೇ ಆದ ಇನ್ನೊಂದು ಗಾಡಿ. ಲೆವಾಸೋರನು ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲ. ೧೮೯೭ರ ಏಪ್ರಿಲ್ ೧೪ರಂದು, ತನ್ನ ೫೪ನೆಯ ವಯಸ್ಸಿನಲ್ಲಿ, ಕೊನೆಯುಸಿರೆಳೆದನು. ಸಾವು ಬಂದಾಗ ನಕ್ಷೆ ಬರೆಯುವ ಮೇಜಿನ ಬಳಿಯಲ್ಲಿಯೇ ಇದ್ದನೆಂದು ಹೇಳುತ್ತಾರೆ. ಹತ್ತು ವರ್ಷಗಳ ಬಳಿಕ, ೧೯೦೭ರಲ್ಲಿ, ಆತನು ಓಟವನ್ನು ಮುಗಿಸಿದ ಪೋರ್ತ್ ಮಾಯೋ ಬಳಿ ಒಂದು ಅಮೃತಶಿಲೆಯ ಸ್ಮಾರಕವನ್ನು ನಿಲ್ಲಿಸಿದರು. ಅದನ್ನು ರೂಪಿಸಿದ ಶಿಲ್ಪಿ ಜೂಲ್ ದಾಲು ನಡುವೆ ತೀರಿಕೊಂಡುದರಿಂದ ಬೇರೊಬ್ಬ ಶಿಲ್ಪಿ ಕೆಲಸವನ್ನು ಪೂರೈಸಿದನು.

ಲೆವಾಸೋರನು ಹೋದರೂ ಆತನ ಏರ್ಪಾಡು ಹೋಗಲಿಲ್ಲ. ೧೮೯೮ರಲ್ಲಿ ಲೂಯಿ ರೆನೋ ಎಂಬ ತರುಣ ಮೇಲಿನ ಗೇರಿನಲ್ಲಿ ಬಲವು ನೇರವಾಗಿ ಹರಿಯುವಂತೆ ಪೆಟ್ಟಿಗೆಯನ್ನು ತಿದ್ದಿದನು, ಸರಪಣಿಯ ಬದಲು ತಿರುಗುವ ದಂಡವನ್ನು ತಂದನು. ಅಲ್ಲಿಂದ ಮುಂದೆ ಲೋಕದ ಬಹುಪಾಲು ಕಾರುಗಳು ಇದೇ ಜಾಡಿನಲ್ಲಿ ನಡೆದವು. ೨೦೧೪ರವರೆಗೆ ನಮ್ಮ ದೇಶದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕಾರನ್ನು ನೆನೆಯಿರಿ. ಮುಂದೆ ಎಂಜಿನು, ಅದರ ಹಿಂದೆ ಕ್ಲಚ್, ಗೇರುಪೆಟ್ಟಿಗೆ, ಹಿಂದಿನ ಗಾಲಿಗಳಿಗೆ ಬಲ. ಮಂತ್ರಿಗಳು ಕುಳಿತದ್ದೂ, ಮದುವೆಯ ದಿಬ್ಬಣ ಹೋದದ್ದೂ, ಹೆರಿಗೆ ನೋವಿನ ಹೆಂಗಸನ್ನು ತಾಲ್ಲೂಕಿನ ಆಸ್ಪತ್ರೆಗೆ ಒಯ್ದದ್ದೂ ೧೮೯೧ರ ಆ ಏರ್ಪಾಡಿನ ಮೇಲೆಯೇ.

ಆದರೆ ಆ ಒರಟುತನವನ್ನು ಎಲ್ಲರೂ ಸಹಿಸಲಿಲ್ಲ. ಅಮೆರಿಕದ ಹೆನ್ರಿ ಫೋರ್ಡನು ೧೯೦೮ರಲ್ಲಿ ಹೊರತಂದ ಟಿ ಮಾದರಿಯ ಕಾರಿನಲ್ಲಿ ಹಲ್ಲುಗಳನ್ನು ಸರಿಸಿ ಕೂಡಿಸುವ ಕಷ್ಟವೇ ಇರಲಿಲ್ಲ. ಅದರ ಹಲ್ಲುಚಕ್ರಗಳು ಯಾವಾಗಲೂ ಕೂಡಿಯೇ ಇದ್ದು, ಪೆಡಲನ್ನು ತುಳಿದರೆ ವೇಗ ಬದಲಾಗುತ್ತಿತ್ತು. ಅದೇ ದೇಶದ ಅರ್ಲ್ ಥಾಮ್ಸನ್ ಎಂಬ ಎಂಜಿನಿಯರ್ ಬೇರೊಂದು ದಾರಿ ಹಿಡಿದನು. ಕೂಡಬೇಕಾದ ಎರಡು ಭಾಗಗಳ ವೇಗವನ್ನು ಕೂಡುವ ಮೊದಲೇ ಸಮ ಮಾಡುವ ಸಿಂಕ್ರೊಮೆಶ್ ಎಂಬ ಉಪಾಯವನ್ನು ಆತನು ಕಂಡುಹಿಡಿದನು. ೧೯೨೮ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಳಕೆಗೆ ಬಂದಿತು. ಹಲ್ಲುಗಳ ಅರಚಾಟ ನಿಂತಿತು, ಡಬಲ್ ಕ್ಲಚ್ಚಿನ ಅಗತ್ಯ ತಪ್ಪಿತು. ಇಂದು ಯಾವ ಕೈಗೇರು ಬೆಣ್ಣೆಯಂತೆ ಜಾರುತ್ತದೆಂದು ನಾವು ಹೊಗಳುತ್ತೇವೋ ಅದು ಅರ್ಧ ಲೆವಾಸೋರನದು, ಅರ್ಧ ಥಾಮ್ಸನ್ನನದು.

ಕೈಗೇರನ್ನು ಇಷ್ಟು ಸುಲಭ ಮಾಡಿದ ಮನುಷ್ಯನೇ ಮುಂದೆ ಅದನ್ನು ಅನಾವಶ್ಯಕ ಮಾಡಹೊರಟನು ಎಂಬುದು ಚರಿತ್ರೆಯ ಒಂದು ಕೌತುಕ. ಥಾಮ್ಸನ್ನನ ನೇತೃತ್ವದ ತಂಡ ಹೈಡ್ರಮ್ಯಾಟಿಕ್ ಎಂಬ ಸ್ವಯಂಚಾಲಿತ ಪೆಟ್ಟಿಗೆಯನ್ನು ಸಿದ್ಧಪಡಿಸಿತು. ೧೯೩೯ರಲ್ಲಿ ಓಲ್ಡ್ಸ್‌ಮೊಬೀಲ್ ಕಾರಿನೊಡನೆ ಅದು ಮಾರುಕಟ್ಟೆಗೆ ಬಂದಿತು. ಅದರಲ್ಲಿ ಕ್ಲಚ್ಚಿನ ಪೆಡಲಿಲ್ಲ. ಎಂಜಿನಿಗೂ ಚಕ್ರಗಳಿಗೂ ನಡುವೆ ಎಣ್ಣೆಯೇ ಬಲವನ್ನು ದಾಟಿಸುತ್ತದೆ. ಎದುರುಬದುರಾಗಿಟ್ಟ ಎರಡು ಬೀಸಣಿಗೆಗಳಲ್ಲಿ ಒಂದನ್ನು ತಿರುಗಿಸಿದರೆ ಗಾಳಿಯ ಒತ್ತಿನಿಂದ ಇನ್ನೊಂದೂ ತಿರುಗುವಂತೆ, ಇಲ್ಲಿ ಎಣ್ಣೆಯ ಒತ್ತಿನಿಂದ ಎರಡನೆಯದು ತಿರುಗುತ್ತದೆ. ವೇಗವನ್ನೂ ಭಾರವನ್ನೂ ನೋಡಿ ಗೇರು ತಾನೇ ಬದಲಾಗುತ್ತದೆ. ಎತ್ತಿನಲ್ಲಿದ್ದ ವಿವೇಕದ ಒಂದು ಪಾಲು ಯಂತ್ರದ ಒಳಗೇ ಬಂದಂತಾಯಿತು.

ನಮ್ಮ ದೇಶಕ್ಕೆ ಈ ಸೌಕರ್ಯ ಸಾಮಾನ್ಯರ ಮಟ್ಟಿಗೆ ಬರಲು ಬಹಳ ಕಾಲ ಹಿಡಿಯಿತು. ಮೊದಲು ಅದನ್ನು ಬಲ್ಲವರು ಸ್ಕೂಟರಿನವರು. ೧೯೮೪ರಲ್ಲಿ ಬಂದ ಕೈನೆಟಿಕ್ ಹೊಂಡಾ ಗೇರಿಲ್ಲದ ಸ್ಕೂಟರಿನ ರುಚಿಯನ್ನು ಊರೂರಿಗೆ ಹತ್ತಿಸಿತು. ೧೯೮೮ರ ಮೋಟಾರು ವಾಹನಗಳ ಕಾಯಿದೆ ಗೇರುಳ್ಳ ದ್ವಿಚಕ್ರಕ್ಕೂ ಗೇರಿಲ್ಲದ ದ್ವಿಚಕ್ರಕ್ಕೂ ಬೇರೆ ಬೇರೆ ಲೈಸೆನ್ಸಿನ ವರ್ಗಗಳನ್ನೇ ಮಾಡಿತು. ಹಾಲಿನ ಕ್ಯಾನು ಹೊತ್ತವರು, ಶಾಲೆಗೆ ಹೋಗುವ ಉಪಾಧ್ಯಾಯಿನಿಯರು, ಸಂತೆಗೆ ಹೋಗುವ ಗೃಹಿಣಿಯರು, ಹೀಗೆ ಎಷ್ಟೋ ಜನರಿಗೆ ಸ್ವತಂತ್ರವಾಗಿ ಓಡಾಡುವ ದಾರಿಯನ್ನು ತೆರೆದುದು ಗೇರಿಲ್ಲದ ಗಾಡಿಯೇ. ಕಾರುಗಳ ಮಟ್ಟಿಗೆ, ೨೦೧೪ರಲ್ಲಿ ಮಾರುತಿ ಸೆಲೇರಿಯೋದೊಡನೆ ಬಂದ ಏ.ಎಂ.ಟಿ. ಎಂಬ ಅಗ್ಗದ ಏರ್ಪಾಡು ಮಧ್ಯಮ ವರ್ಗದ ಮನೆಗಳಿಗೆ ಆಟೋಮ್ಯಾಟಿಕ್ ಕಾರನ್ನು ತಂದಿತು. ಅದರ ಒಳಗುಟ್ಟು ಸ್ವಾರಸ್ಯವಾದುದು. ಅದರಲ್ಲಿರುವುದು ಹೊಸ ಪೆಟ್ಟಿಗೆಯಲ್ಲ. ಅದೇ ಕ್ಲಚ್, ಅದೇ ಹಲ್ಲುಚಕ್ರ. ಆದರೆ ಕ್ಲಚ್ಚನ್ನು ತುಳಿಯುವ ಕಾಲೂ ಗೇರನ್ನು ಸರಿಸುವ ಕೈಯೂ ಯಂತ್ರದವು. ರುಫೆಕ್‌ನಲ್ಲಿ ನಿದ್ರಿಸುತ್ತಿದ್ದ ಬದಲಿ ಚಾಲಕ ಕಡೆಗೂ ಎದ್ದು ಬಂದು ಪೆಟ್ಟಿಗೆಯೊಳಗೇ ಕುಳಿತಂತೆ.

ಹಾಗಾದರೆ ಯಾವುದು ಮೇಲು? ಕೈಗೇರಿನವರು ಹೇಳುವಂತೆ ಅದರ ಬೆಲೆ ಕಡಮೆ, ರಿಪೇರಿ ಸುಲಭ, ಇಳಿಜಾರಿನಲ್ಲಿಯೂ ಕೆಸರಿನಲ್ಲಿಯೂ ಯಾವ ಗೇರು ಬೇಕೆಂಬುದನ್ನು ನಡೆಸುವವನೇ ಮುಂದಾಗಿ ನಿರ್ಧರಿಸಬಹುದು. ಮುಂದೆ ತಿ‌ರುವು ಇದೆ ಎಂಬುದು ಕಣ್ಣಿಗೆ ಕಾಣುತ್ತದೆ, ಪೆಟ್ಟಿಗೆಗೆ ಕಾಣುವುದಿಲ್ಲ. ಆಟೋಮ್ಯಾಟಿಕ್ಕಿನವರು ಹೇಳುವಂತೆ ನೋಯುವ ಮಂಡಿಗೆ, ದಣಿದ ದೇಹಕ್ಕೆ, ಹೊಸದಾಗಿ ಕಲಿಯುವವರ ಹೆದರಿಕೆಗೆ ಅದು ದೊಡ್ಡ ಆಸರೆ. ಎರಡು ಕೈಗಳೂ ಚಕ್ರದ ಮೇಲಿರುತ್ತವೆ, ಮನಸ್ಸು ರಸ್ತೆಯ ಮೇಲಿರಬಹುದು. ಗೇರಿನ ಕಷ್ಟದಿಂದ ಯಾರೊಬ್ಬರೂ ಮನೆಯಲ್ಲಿಯೇ ಉಳಿಯಬೇಕಾಗಿಲ್ಲ.

ಲೆವಾಸೋರನ ಜೀವನದಿಂದ ತಿಳಿಯುವುದು ಇಷ್ಟು. ಗೇರಿನ ಹಿಡಿಕೆ ಪೂಜೆಗಿಟ್ಟ ವಿಗ್ರಹವಲ್ಲ. ಆತನೂ ಅದನ್ನು ಹಾಗೆ ಕಾಣಲಿಲ್ಲ. ಎಂಜಿನಿನ ಕೊರತೆಗಾಗಿ ಹುಟ್ಟಿದ್ದು ಆ ಕೊರತೆ ಹೋದಾಗ ಹೋಗುವುದೇ ಸರಿ. ನಿಂತಲ್ಲಿಂದಲೇ ಬಲವಾಗಿ ಎಳೆಯಬಲ್ಲ ವಿದ್ಯುತ್ ಕಾರುಗಳು ಬಂದಿವೆ. ಅವುಗಳಲ್ಲಿ ಸಾಮಾನ್ಯವಾಗಿ ಬದಲಿಸಬೇಕಾದ ಗೇರೇ ಇಲ್ಲ. ಆದರೆ ಹಿಡಿಕೆ ಕಲಿಸಿದ ಒಂದು ಗುಣವುಂಟು. ಯಂತ್ರದ ಮಾತನ್ನು ಕೇಳುವುದು, ಏರು ಬರುವ ಮೊದಲೇ ಏರನ್ನು ನೆನೆಯುವುದು, ತಾನು ನಡೆಸುತ್ತಿರುವ ಭಾರದ ಅರಿವನ್ನು ಕ್ಷಣವೂ ಬಿಡದಿರುವುದು. ಕೈಗೇರಿನಲ್ಲಿ ಈ ಎಚ್ಚರ ತಪ್ಪಿದರೆ ಹಲ್ಲು ಅರಚಿ ಒಡನೆಯೇ ತಿಳಿಸುತ್ತಿತ್ತು. ಆಟೋಮ್ಯಾಟಿಕ್ಕಿನಲ್ಲಿ ತಿಳಿಸುವವರಿಲ್ಲ. ಬಿಡುವಾದ ಆ ಕೈ ಮೊಬೈಲಿನ ಕಡೆಗೆ ಹೋಗುವುದೂ ಉಂಟು. ಆಟೋಮ್ಯಾಟಿಕ್ ಗಾಡಿಯ ಸೌಕರ್ಯದಲ್ಲಿರುವ ಅಪಾಯ ಅದೊಂದೇ. ಅದು ಪೆಟ್ಟಿಗೆಯ ದೋಷವಲ್ಲ, ನಮ್ಮದು.

ಎಚ್ಚರಕ್ಕೂ ಒಂದು ಮೇರೆಯುಂಟೆಂಬುದನ್ನು ಆತನ ಕೊನೆಯ ಓಟ ತೋರಿಸಿತು. ಎಷ್ಟೇ ಬಲ್ಲ ಕೈಯಾದರೂ ಒಂದು ದಿನ ಹಿಡಿಕೆಯನ್ನು ಮತ್ತೊಬ್ಬರಿಗೆ ಒಪ್ಪಿಸಬೇಕಾಗುತ್ತದೆ. ಆದುದರಿಂದ ತಂದೆಯು ಮಗಳಿಗೆ ಕೈಗೇರಿನ ಗಾಡಿಯನ್ನು ಒಮ್ಮೆ ಕಲಿಸಿದರೆ ಒಳ್ಳೆಯದು. ಆ ಬಳಿಕ ಆಕೆ ಆಟೋಮ್ಯಾಟಿಕ್ಕನ್ನೇ ಕೊಂಡರೆ ಆತನು ಬೇಸರಪಡಬೇಕಾಗಿಲ್ಲ. ಸಾಧ್ಯವಾದರೆ, ಮಂಡಿ ನೋಯುವ ವಯಸ್ಸಿನಲ್ಲಿ, ಆಕೆಯಿಂದ ತಾನೂ ಅದನ್ನು ಕಲಿಯಲಿ.